ಬೆಲ್ಲದ ಮೇಲಿನ ನೊಣ, ಸೆಕೆಂಡಿಗೆ ಸಾವಿರ ಬಿಟ್

ಇಂದು ಬೆಳಿಗ್ಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಲ್ಲದ ಅಚ್ಚಿನ ಮೇಲೆ ಕೂತಿದ್ದ ನೊಣವೊಂದು, ಅಂಗಡಿಯವರು ಬಟ್ಟೆ ಬೀಸುವಷ್ಟರಲ್ಲಿ ಹಾರಿ, ಪಕ್ಕದ ಅಚ್ಚಿನ ಮೇಲೆ ನಿರಾಳವಾಗಿ ಕಾಲುಜ್ಜುತ್ತ ಕುಳಿತಿತು.

ನೊಣದ ಕಣ್ಣಿನ ಒಂದು ಕೋಶ ಬೆಳಕನ್ನು ಎಷ್ಟು ಚೆನ್ನಾಗಿ ಗ್ರಹಿಸುತ್ತದೆ ಎಂಬುದನ್ನು ಅಳೆಯಲು, ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ದೂರಸಂಪರ್ಕಕ್ಕಾಗಿ ರೂಪಿಸಿದ ಮಾಹಿತಿ ಸಿದ್ಧಾಂತವನ್ನೇ ಬಳಸುತ್ತಾರೆ. ಏರಿಳಿಯುವ ಒಂದೇ ಬೆಳಕನ್ನು ಮತ್ತೆ ಮತ್ತೆ ತೋರಿಸಿ, ಕೋಶದೊಳಗೆ ಇಳಿಸಿದ ಅತಿ ಸೂಕ್ಷ್ಮ ಗಾಜಿನ ಎಲೆಕ್ಟ್ರೋಡಿನಿಂದ ವೋಲ್ಟೇಜನ್ನು ದಾಖಲಿಸಿ, ಪ್ರತಿ ಸಲವೂ ಮರುಕಳಿಸುವ ಭಾಗವನ್ನು ಸಂಕೇತವೆಂದೂ ಸಲದಿಂದ ಸಲಕ್ಕೆ ಬದಲಾಗುವುದನ್ನು ಗದ್ದಲವೆಂದೂ ಬೇರ್ಪಡಿಸುತ್ತಾರೆ; ಇವೆರಡರ ಅನುಪಾತದಿಂದ ಸೆಕೆಂಡಿಗೆ ಎಷ್ಟು ಬಿಟ್ (ಒಂದು ಬಿಟ್ ಎಂದರೆ ‘ಹೌದು’ ಅಥವಾ ‘ಅಲ್ಲ’ ಎಂದು ತಿಳಿಸುವಷ್ಟು ಮಾಹಿತಿ) ಎಂಬ ಲೆಕ್ಕ ಸಿಗುತ್ತದೆ. 1996ರಲ್ಲಿ ಪ್ರಕಟವಾದ ಅಳತೆಯಂತೆ ಬ್ಲೋಫ್ಲೈ ಜಾತಿಯ ನೊಣದ ಒಂದೇ ಕೋಶ ಸೆಕೆಂಡಿಗೆ ಸುಮಾರು 1,000 ಬಿಟ್ ಸಾಗಿಸಬಲ್ಲದು.

ನನಗೆ ಹೆಚ್ಚು ಹಿಡಿಸಿದ ಸಂಗತಿಯೆಂದರೆ, ಈ ಗದ್ದಲದಲ್ಲಿ ಒಂದು ಪಾಲು ಕೋಶದ್ದಲ್ಲ, ಬೆಳಕಿನದೇ. ಬೆಳಕಿನ ಕಣಗಳಾದ ಫೋಟಾನುಗಳು ಲೆಕ್ಕವಿಟ್ಟು ಬರುವುದಿಲ್ಲ. ಸರಾಸರಿ 100 ಬರುವ ಕಡೆ ಸುಮಾರು 10ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಬೆಳಕು ಕುಗ್ಗಿದಷ್ಟೂ ಈ ಏರುಪೇರಿನ ಪಾಲು ದೊಡ್ಡದಾಗುವುದರಿಂದ, ಕೋಶ ಎಷ್ಟೇ ನಿಖರವಾಗಿದ್ದರೂ ಮುಸ್ಸಂಜೆಯಲ್ಲಿ ಅದಕ್ಕೆ ದಕ್ಕುವ ಬಿಟ್‌ಗಳು ಇಳಿಯುತ್ತವೆ.