ಮೂರನೇ ದಿನ ಖಾಲಿಯಾದ ಬಾಟಲಿ

ಕಳೆದ ಜುಲೈನ ಒಂದು ಭಾನುವಾರ ಸಂಜೆ ಮಗಳು ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದಳು. "ಎಂಜಲು ನುಂಗಿದ್ರೂ ನೋಯುತ್ತೆ ಅಮ್ಮ" ಅಂದಳು. ಎಂಟು ವರ್ಷದವಳು, ಮಧ್ಯಾಹ್ನದವರೆಗೆ ಓಣಿಯಲ್ಲಿ ಕುಣಿಯುತ್ತಿದ್ದಳು. ರಾತ್ರಿ ಹತ್ತಕ್ಕೆ ಮೈ ಕಾದು ಥರ್ಮಾಮೀಟರ್ 102 ತೋರಿಸಿತು. ಮೂಗು ಸೋರುತ್ತಿರಲಿಲ್ಲ, ಒಂದೇ ಒಂದು ಕೆಮ್ಮೂ ಇಲ್ಲ. ನನಗೆ ದಿಗಿಲಾದದ್ದು ಅದಕ್ಕೇ.

ನಾನು ದಾವಣಗೆರೆಯ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ಗಂಟಲು ನೋವು ಬಹುತೇಕ ವೈರಸ್ಸಿನದು. ನೆಗಡಿ, ಕೆಮ್ಮು, ದನಿ ಕೂರುವುದು ಜೊತೆಗಿದ್ದರೆ ಸಾಮಾನ್ಯವಾಗಿ ಅದೇ. ಒಂದು ವಾರದೊಳಗೆ ತಾನಾಗಿ ಹೋಗುತ್ತದೆ, ಆಂಟಿಬಯೋಟಿಕ್ ಅದಕ್ಕೆ ನಾಟುವುದೇ ಇಲ್ಲ. ಆದರೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 20ರಿಂದ 30 ಗಂಟಲು ನೋವು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದು ದಿಢೀರನೆ ಬರುತ್ತದೆ, ಜ್ವರದ ಜೊತೆ, ಕೆಮ್ಮಿಲ್ಲದೆ. ಮೊಬೈಲ್ ಟಾರ್ಚ್ ಹಿಡಿದು ಬಾಯಿ ತೆರೆಸಿದೆ. ಕಿರುನಾಲಿಗೆಯ ಎರಡೂ ಪಕ್ಕ ಟಾನ್ಸಿಲ್ ತೊಂಡೆಹಣ್ಣಿನ ಹಾಗೆ ಕೆಂಪಗೆ ಊದಿ, ಮೇಲೆ ಮೊಸರು ಸಿಡಿದಂತೆ ಬಿಳಿ ಚುಕ್ಕಿಗಳು. ದವಡೆಯ ಕೆಳಗೆ ಹುಣಸೆಬೀಜದಷ್ಟು ಗಂಟು, ಮುಟ್ಟಿದ್ದಕ್ಕೇ ಚೀರಿದಳು.

ಯಜಮಾನರು ಅಷ್ಟರಲ್ಲಿ ಮೆಡಿಕಲ್ ಶಾಪಿಗೆ ಹೋಗಿ, ಚೀಟಿ ಇಲ್ಲದೆಯೇ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ನ ಮೂರು ಮಾತ್ರೆಯ ಸ್ಟ್ರಿಪ್ ತಂದಿದ್ದರು. ಬೇಡ ಅಂದೆ. ಒಂದು ಮಾತ್ರೆ ಒಳಗೆ ಹೋದರೂ ಪರೀಕ್ಷೆಗೆಂದು ಗಂಟಲು ಉಜ್ಜಿ ತೆಗೆಯುವ ಸ್ವ್ಯಾಬಿನಲ್ಲಿ ಏನೂ ಬೆಳೆಯದೆ ಹೋಗಬಹುದು, ಆಮೇಲೆ ಯಾವುದಿತ್ತು ಎಂದು ತಿಳಿಯುವುದೇ ಇಲ್ಲ. ಆ ರಾತ್ರಿ ಕೊಟ್ಟದ್ದು ಜ್ವರಕ್ಕೆ ಪ್ಯಾರಾಸಿಟಮಾಲ್, ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಅತ್ತೆ ಮಾಡಿದ ತೆಳ್ಳನೆ ಗಂಜಿ. ಅವು ನೋವಿಗೆ ನಿಜವಾಗಿ ಹಿತ.

ಸೋಮವಾರ ಮಕ್ಕಳ ಡಾಕ್ಟರು ನೋಡಿ ಸ್ವ್ಯಾಬ್ ಬರೆದರು. ನಾನೇ ತೆಗೆದೆ. ನಾಲಿಗೆ ಒತ್ತಿಹಿಡಿದು, ನಾಲಿಗೆಗೂ ಕೆನ್ನೆಗೂ ತಾಗದ ಹಾಗೆ ಎರಡು ಟಾನ್ಸಿಲ್ ಮತ್ತು ಹಿಂದಿನ ಗೋಡೆಯನ್ನು ಉಜ್ಜಬೇಕು. ಅವಳಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು. ಕುರಿಯ ರಕ್ತ ಬೆರೆಸಿದ ಕೆಂಪು ಪ್ಲೇಟಿನ ಮೇಲೆ ಅದನ್ನು ಎಳೆದು, ಕ್ರಿಮಿ ಬೆಳೆಯಲೆಂದು ಬೆಚ್ಚಗಿನ ಇನ್‌ಕ್ಯುಬೇಟರಿಗೆ ಇಟ್ಟೆ. ಮರುದಿನ ಬೆಳಿಗ್ಗೆ ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕಿಗಳು, ಒಂದೊಂದರ ಸುತ್ತಲೂ ರಕ್ತ ಕರಗಿ ಗಾಜಿನಂತೆ ತಿಳಿಯಾದ ಉಂಗುರ: ಸ್ಟ್ರೆಪ್ಟೊಕಾಕಸ್ಸಿನ ಗುರುತು. ಎಷ್ಟೋ ಮಕ್ಕಳ ಪ್ಲೇಟಿನಲ್ಲಿ ಆ ಉಂಗುರ ಕಂಡಿದ್ದೇನೆ. ಅಂದು ಪ್ಲೇಟ್ ಹಿಡಿದ ಕೈ ನಡುಗಿತು.

ಏಕೆಂದರೆ ನಮ್ಮಕ್ಕ. ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ಇಂಥದೇ ಗಂಟಲು ನೋವು. ಅರಿಶಿನದ ಹಾಲು ಕುಡಿಸಿದರು, ನೋವು ಹೋಯಿತು, ಎಲ್ಲರೂ ಮರೆತರು. ಮೂರು ವಾರದ ಮೇಲೆ ಮೊಣಕಾಲು ಊದಿತು, ಅದು ಇಳಿಯುವಷ್ಟರಲ್ಲಿ ಪಾದದ ಕೀಲು. ಬೆಳೆಯೋ ಮಕ್ಕಳಿಗೆ ಕೀಲುನೋವು ಸಹಜ ಅಂದರು. ಅದು ರುಮ್ಯಾಟಿಕ್ ಜ್ವರ. ಗಂಟಲಿನ ಆ ಕ್ರಿಮಿಯನ್ನು ಹೊಡೆಯಲು ಮೈ ಹುಟ್ಟಿಸಿದ ಪ್ರತಿಕಾಯಗಳು ಹೃದಯದ ಕವಾಟವನ್ನೂ ವೈರಿ ಎಂದು ತಿಳಿದು ಹೊಡೆಯುತ್ತವೆ. ಗೊತ್ತಾದದ್ದು ಅಕ್ಕ ಬಸುರಿಯಾದಾಗ, 26ನೇ ವಯಸ್ಸಿಗೆ. ಮೆಟ್ಟಿಲು ಹತ್ತಲಾಗದೆ ಏದುಸಿರು, ರಾತ್ರಿ ಮಲಗಲಾಗದೆ ದಿಂಬು ಒರಗಿ ಕೂರುತ್ತಿದ್ದಳು. ಮೈಟ್ರಲ್ ಕವಾಟ ಕಿರಿದಾಗಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತೊಡೆಯ ಸಂದಿಯ ರಕ್ತನಾಳದಿಂದ ಬಲೂನು ತೂರಿಸಿ ಅದನ್ನು ಅಗಲಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ಅಂದಿನಿಂದ ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಪೆನಿಸಿಲಿನ್ ಇಂಜೆಕ್ಷನ್. ಚುಚ್ಚಿಸಿಕೊಂಡ ದಿನ ಕುಂಟುತ್ತಲೇ ಅಡುಗೆ ಮಾಡುತ್ತಾಳೆ.

ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಔಷಧಿ ಬಿದ್ದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಹಾಗಾಗಿ ರಿಪೋರ್ಟಿಗೆ ಒಂದು ದಿನ ಕಾದದ್ದರಿಂದ ನಷ್ಟವಿರಲಿಲ್ಲ. ಡಾಕ್ಟರು ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಬರೆದರು, ದಿನಕ್ಕೆರಡು ಸಲ, ಹತ್ತು ದಿನ. ಪೆನಿಸಿಲಿನ್ ಬಂದು ಇಷ್ಟು ದಶಕಗಳಾದರೂ ಈ ಕ್ರಿಮಿ ಆ ಜಾತಿಯ ಔಷಧಿಗೆ ಇವತ್ತಿಗೂ ಮಣಿಯುತ್ತದೆ. ಅಜಿತ್ರೊಮೈಸಿನ್ ಬಗ್ಗೆ ಹಾಗೆ ಹೇಳಲಾಗದು. ಪೆನಿಸಿಲಿನ್ ಒಗ್ಗದವರಿಗೆ ಮಾತ್ರ ಬೇರೆ ದಾರಿ. ಔಷಧಿ ಶುರುವಾಗಿ 24 ಗಂಟೆ ಕಳೆಯುವವರೆಗೆ ಶಾಲೆ ಬೇಡ ಅಂದರು. ತಮ್ಮನ ಜೊತೆ ಒಂದೇ ಲೋಟದಲ್ಲಿ ಕುಡಿಯುವುದನ್ನೂ ನಿಲ್ಲಿಸಿದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಂಟಲಲ್ಲಿ ಚುಕ್ಕಿಯ ಬದಲು ಬೂದು ಬಣ್ಣದ ಪೊರೆ ಅಂಟಿದ್ದರೆ, ಕತ್ತು ಊದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಅದು ಗಂಟಲುಮಾರಿ (ಡಿಫ್ತೀರಿಯಾ) ಇರಬಹುದು. ಆಗ ಯಾವ ಕಷಾಯವನ್ನೂ ಕಾಯಿಸುತ್ತ ಕೂರಬೇಡಿ, ಆ ಗಳಿಗೆಯೇ ದೊಡ್ಡಾಸ್ಪತ್ರೆಗೆ ಓಡಿ.

ಗುರುವಾರ ರಾತ್ರಿ 60 ಎಂ.ಎಲ್. ಸಿರಪ್ ಬಾಟಲಿ ಖಾಲಿ. ಜ್ವರ ಬಿಟ್ಟಿತ್ತು, ಮಗಳು ಮಂಡಕ್ಕಿ ಕೇಳಿ ತಿಂದಿದ್ದಳು. "ಹುಷಾರಾದಳಲ್ಲ, ಇನ್ಯಾಕೆ ಔಷಧಿ?" ಅಂದರು ಅತ್ತೆ. ಪ್ರೀತಿಯಿಂದಲೇ ಅಂದದ್ದು. ಸೋಂಕು ಗಂಟಲಿನ ಒಳಗೆ ಉಳಿಯುವುದು ಇಂಥ ಹೊತ್ತಿನಲ್ಲೇ: ನೋವಿಲ್ಲ, ಬಾಟಲಿ ಮುಗಿದಿದೆ, ಅಂಗಡಿ ಮುಚ್ಚಿದೆ. ಡಾಕ್ಟರು ಬರೆದದ್ದು ಹತ್ತು ದಿನ, ನಾನು ಕೊಂಡಿದ್ದು ಮೂರು ದಿನದ ಬಾಟಲಿ. ಇಷ್ಟು ವರ್ಷ ಲ್ಯಾಬಿನಲ್ಲಿದ್ದೂ ಆ ಲೆಕ್ಕ ಹಾಕಿರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು ಇನ್ನೂ ಮೂರು ಬಾಟಲಿ ತಂದೆ. ಕಲಸಿದ ಮೇಲೆ ಅದು ಒಂದು ವಾರ ಮಾತ್ರ ಚೆನ್ನಾಗಿರುತ್ತದೆ, ಹಾಗಾಗಿ ಒಂದು ಮುಗಿದ ಮೇಲೇ ಇನ್ನೊಂದಕ್ಕೆ ನೀರು ಹಾಕಿದೆ.

ಅಕ್ಕ ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಿದ್ದಳು. ಕ್ಷೇಮ ಸಮಾಚಾರ ಏನೂ ಇಲ್ಲ, "ಎಷ್ಟನೇ ದಿನ?" ಅಷ್ಟೇ. ಹತ್ತನೆಯ ರಾತ್ರಿ ಮಗಳೇ ಫೋನ್ ಎತ್ತಿದಳು. "ದೊಡ್ಡಮ್ಮ, ಮುಗೀತು. ನಾನೇ ಎಣಿಸಿದೀನಿ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.