ದುದುರೊಗಿ: ಕೊರಿಯಾಕ್ಕೆ ಹೊರಡುವ ಮುಂಚೆ ಈ ಪದ ಬಾಯಿಪಾಠ ಮಾಡಿ

ಕೊರಿಯಾಕ್ಕೆ ಹೊರಡುವ ಮುಂಚೆ ಅಕ್ಕನೂ ನಾನೂ ಒಂದು ತಿಂಗಳು ಕೂತು ಕೊರಿಯನ್ ಕಲಿತೆವು. ನಮಸ್ಕಾರ, ಥ್ಯಾಂಕ್ಸ್, ಎಷ್ಟಾಯ್ತು, ಚೆನ್ನಾಗಿದೆ, ಟಾಯ್ಲೆಟ್ ಎಲ್ಲಿ. ಎಲ್ಲರೂ ಕಲಿಯುವ ಅದೇ ಐದು ಮಾತು. ಇದರ ಜೊತೆಗೆ ನನಗೆ ಇನ್ನೊಂದು ಬೇಕಿತ್ತು. ನನಗೆ ಸಿಗಡಿ ಆಗಲ್ಲ. ಉಡುಪಿ ಕಡೆ ಹುಟ್ಟಿ ಸಿಗಡಿ ಆಗಲ್ಲ ಅಂದರೆ ಮದುವೆ ಮನೆಯಲ್ಲಿ ಈಗಲೂ ನಗುತ್ತಾರೆ. ಆದರೆ ತಿಂದ ಒಂದು ಗಂಟೆಯೊಳಗೆ ಮೈತುಂಬ ಪಿತ್ತದ ಗಂಧೆ ಏಳುವುದು ನನಗೇ ಅಲ್ವಾ? ಹಾಗಾಗಿ ಸಿಗಡಿಗೆ 'ಸೆಉ' ಅನ್ನುತ್ತಾರೆ, ಹಾಕದೆ ಕೊಡಿ ಅನ್ನುವುದಕ್ಕೆ 'ಪೆ ಜುಸೆಯೊ' ಅನ್ನುತ್ತಾರೆ ಅಂತ ಕಲಿತುಕೊಂಡೆ. 'ಸೆಉ ಪೆ ಜುಸೆಯೊ'. ಇಷ್ಟಿದ್ದರೆ ಸಾಕು ಅಂದುಕೊಂಡಿದ್ದೆ. ಗಂಧೆಗೆ ಅವರು ಹೇಳುವ 'ದುದುರೊಗಿ' ಅನ್ನುವ ಪದವೂ ಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಸಿಯೋಲ್‌ನಲ್ಲಿ ನಾಲ್ಕು ದಿನ ಸಾಕಾಯಿತು. ಅಲ್ಲಿಂದ ಕೆಟಿಎಕ್ಸ್ ರೈಲು ಹತ್ತಿ ಬೂಸಾನ್‌ಗೆ ಹೋದೆವು, ಎರಡೂವರೆ ಗಂಟೆ ಪ್ರಯಾಣ. ದೊಡ್ಡ ಸೂಟ್‌ಕೇಸು ಸಿಯೋಲ್‌ನ ಹೋಟೆಲಲ್ಲೇ ಬಿಟ್ಟಿದ್ದೆವು. ಊರಿಂದ ತಂದ ಮಾತ್ರೆಯ ಚೀಲ ಆ ಸೂಟ್‌ಕೇಸಿನೊಳಗೇ ಇತ್ತು. ಈ ತಪ್ಪನ್ನು ನೀವು ಮಾಡಬೇಡಿ.

ಭಾನುವಾರ ಸಂಜೆ ಬೂಸಾನ್‌ನ ಒಂದು ಸಣ್ಣ ಹೋಟೆಲಿಗೆ ಊಟಕ್ಕೆ ಹೋದೆವು. ನಾನು 'ಸೆಉ ಪೆ ಜುಸೆಯೊ' ಅಂದೆ. ಬಡಿಸುವ ಹೆಂಗಸು ಮೆನು ನೋಡಿ, ನನ್ನ ಮುಖ ನೋಡಿ, 'ಸೆಉ ಇಲ್ಲ' ಅನ್ನುವ ಹಾಗೆ ಕೈ ಆಡಿಸಿದರು. ನಿಜವೇ, ಆ ಮೆನುವಿನಲ್ಲಿ ಸಿಗಡಿಯ ಅಡುಗೆ ಒಂದೂ ಇರಲಿಲ್ಲ. ಊಟದ ಜೊತೆ ಕಪ್ಪು ಮಣ್ಣಿನ ಕುಡಿಕೆಯಲ್ಲಿ ಮೊಟ್ಟೆ ತಂದಿಟ್ಟರು. ಗ್ಯೆರಾನ್‌ಜಿಮ್ ಅಂತ, ಹಬೆಯಲ್ಲಿ ಬೇಯಿಸಿದ ಮೊಟ್ಟೆ. ಕುಡಿಕೆಯ ಬಾಯಿಯ ಮೇಲೆ ಇಡ್ಲಿ ಉಬ್ಬಿದ ಹಾಗೆ ಹಳದಿಯಾಗಿ ಉಬ್ಬಿ ನಿಂತಿರುತ್ತದೆ, ಮೇಲೆ ಒಂದಿಷ್ಟು ಈರುಳ್ಳಿ ಸೊಪ್ಪು. ಚಮಚ ಹಾಕಿದರೆ ಉಸ್ಸೆಂದು ಕುಸಿಯುತ್ತದೆ. ಅರ್ಧಕ್ಕಿಂತ ಜಾಸ್ತಿ ನಾನೇ ತಿಂದೆ.

ಮೊದಲು ತುರಿಸಿದ್ದು ಕೈಗಡಿಯಾರದ ಪಟ್ಟಿಯ ಕೆಳಗೆ. ಸೆಕೆಗೆ ಇರಬೇಕು ಅಂದುಕೊಂಡು ಗಡಿಯಾರ ಬಿಚ್ಚಿದೆ. ಪಟ್ಟಿ ಇದ್ದಲ್ಲೇ ಉದ್ದಕ್ಕೆ ಒಂದು ಕೆಂಪು ದಡಿ ಎದ್ದಿತ್ತು. ಕೋಣೆಗೆ ಬಂದು ಕನ್ನಡಿ ನೋಡುವಷ್ಟರಲ್ಲಿ ಕತ್ತು, ಹೊಟ್ಟೆ, ಮೊಣಕಾಲಿನ ಹಿಂದೆ ಎಲ್ಲ ಕಡೆ. ಆ ಮೊಟ್ಟೆಗೆ ಉಪ್ಪಿನ ಬದಲು ಬಿದ್ದಿದ್ದು 'ಸೆಉಜೊತ್', ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಪುಟ್ಟ ಪುಟ್ಟ ಸಿಗಡಿ. ಇದು ಗೊತ್ತಾದದ್ದು ಮಾರನೇ ದಿನ. ಬಡಿಸಿದವರ ತಪ್ಪು ಅಂತ ನಾನು ಹೇಳಲಾರೆ. ನಾನು ಸಿಗಡಿ ಅಂದೆ, ಅವರು ತಟ್ಟೆಯಲ್ಲಿ ಕಾಣುವ ಸಿಗಡಿಯನ್ನು ಯೋಚಿಸಿದರು. ನಮ್ಮಲ್ಲಿ ಯಾರಾದರೂ 'ಸಾಸಿವೆ ಆಗಲ್ಲ' ಅಂದರೆ ಒಗ್ಗರಣೆಯ ನೆನಪು ನಮಗೂ ತಕ್ಷಣ ಬರುವುದಿಲ್ಲ.

ಬೀದಿಗೊಂದು ಅಂಗಡಿ 24 ಗಂಟೆಯೂ ತೆರೆದಿರುತ್ತದೆ, ಮಾತ್ರೆಗೇನು ಚಿಂತೆ ಅಂತ ಅಕ್ಕ ಓಡಿದಳು. ಬರಿಗೈಯಲ್ಲಿ ಬಂದಳು. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ: ಕೊರಿಯಾದ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಔಷಧಿ ಮಾರಲು 2012ರಿಂದ ಅನುಮತಿ ಇದೆ. ಆದರೆ ಬೆರಳೆಣಿಕೆಯ ಕೆಲವಕ್ಕೆ ಮಾತ್ರ. ಜ್ವರ, ನೋವು, ನೆಗಡಿ, ಅಜೀರ್ಣದ ಮಾತ್ರೆ, ನೋವಿನ ಪಟ್ಟಿ, ಅಷ್ಟೇ. ಅಲರ್ಜಿಯ ಮಾತ್ರೆ ಬೇಕೆಂದರೆ ಔಷಧಿ ಅಂಗಡಿಗೇ ಹೋಗಬೇಕು. ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ. ತಡರಾತ್ರಿ ತೆರೆದಿರುವ ಕೆಲವು ಇವೆಯಂತೆ, ಅದು ಆ ರಾತ್ರಿ ನಮಗೆ ಗೊತ್ತಿರಲಿಲ್ಲ. ಪ್ರವಾಸಿಗಳ ಸಹಾಯವಾಣಿ 1330ಕ್ಕೆ ಫೋನ್ ಮಾಡಿ ಇಂಗ್ಲಿಷಿನಲ್ಲೇ ಕೇಳಬಹುದಿತ್ತು. ಅದೂ ಹೊಳೆಯಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆವು. ಅಮ್ಮ 'ಪುನರ್ಪುಳಿ ಅರೆದು ಹಚ್ಚು' ಅಂದರು. ಬೂಸಾನ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಪುನರ್ಪುಳಿ! ಒದ್ದೆ ಟವೆಲು ಸುತ್ತಿಕೊಂಡು ರಾತ್ರಿ ಕಳೆದೆ. ನಿದ್ದೆ ಬಾರದ್ದಕ್ಕೆ ಫೋನಿನಲ್ಲಿ ಗಂಧೆಯ ಕೊರಿಯನ್ ಪದ ಹುಡುಕಿ, ಬಾಯಿಪಾಠ ಮಾಡತೊಡಗಿದೆ.

ಬೆಳಿಗ್ಗೆ ಔಷಧಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬೋರ್ಡಿನ ಮೇಲೆ ಒಂದೇ ಒಂದು ದೊಡ್ಡ ಅಕ್ಷರ ಇರುತ್ತದೆ: ಎಡಕ್ಕೆ ಒಂದು ಸೊನ್ನೆ, ಅದರ ಬಲಕ್ಕೆ ನೆಟ್ಟಗೆ ಒಂದು ಗೆರೆ, ಆ ಗೆರೆಯಿಂದ ಹೊರಟ ಎರಡು ಸಣ್ಣ ಕಡ್ಡಿ, ಅಡಿಯಲ್ಲಿ ಮೂಲೆ ಮಡಿಸಿದ ಹಾಗೆ ಇನ್ನೊಂದು ಗೆರೆ. ಓದುವುದು 'ಯಾಕ್' ಅಂತ. ಔಷಧಿ ಅಂತ ಅರ್ಥ. ಅಂಗಡಿಗೆ 'ಯಾಕ್ಕುಕ್'. ನಮ್ಮ ಕಿವಿಗೆ 'ಯಾಕೆ' ಅಂದ ಹಾಗೇ ಕೇಳುವುದರಿಂದ ಮರೆಯುವುದಿಲ್ಲ.

ಒಳಗೆ ಕನ್ನಡಕದ ವಯಸ್ಸಾದ ಔಷಧಿಯವರು ಇದ್ದರು. ರಾತ್ರಿಯೆಲ್ಲ ಉರುಹೊಡೆದದ್ದನ್ನು ಗಟ್ಟಿಯಾಗಿ ಒಪ್ಪಿಸಿದೆ: 'ದುದೊಜಿ-ಗಾ ನಾಸ್ಸೊಯೊ!' ಅವರು ಕನ್ನಡಕದ ಮೇಲಿಂದ ನೋಡಿದರು. ಇನ್ನೊಮ್ಮೆ ಹೇಳಿದೆ. ತೋಳು ಮೇಲೆತ್ತಿ ಗಂಧೆ ತೋರಿಸಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. 'ಆ, ದುದುರೊಗಿ!' ಅಂದರು. ನಾನು ಹೇಳಿದ ದುದೊಜಿ ಅಂದರೆ ನೆಲದೊಳಗೆ ಬಿಲ ತೋಡಿಕೊಂಡಿರುವ, ಇಲಿಯಂಥ ಒಂದು ಪ್ರಾಣಿ. ಮಾಲ್‌ಗಳಲ್ಲಿ ತೂತಿನಿಂದ ತಲೆ ಹಾಕಿದ ಹಾಗೆಲ್ಲ ಸುತ್ತಿಗೆಯಿಂದ ಬಡಿಯುವ ಆಟ ಇದೆಯಲ್ಲ, ಅದರಲ್ಲಿ ಇರುವುದು ಅದೇ. ನನ್ನ ಮೈಮೇಲೆ ಅವು ಎದ್ದಿವೆ ಅಂತ ಹೇಳಿದ್ದೆ. ಒಂದು ಲೆಕ್ಕದಲ್ಲಿ ಸುಳ್ಳೂ ಅಲ್ಲ, ಇಲ್ಲಿ ಇಳಿದರೆ ಅಲ್ಲಿ ಏಳುತ್ತಿತ್ತು.

ಪದ ಇದು: ದು-ದು-ರೊ-ಗಿ. ಮೊದಲ ದು ಹೇಳುವಾಗ ತುಟಿ ಪೂರ್ತಿ ಗುಂಡಗೆ. ಎರಡನೇ ದು ಹೇಳುವಾಗ ತುಟಿ ಅಗಲ ಮಾಡಿ, ನಕ್ಕ ಹಾಗೆ. ತುಳು ಗೊತ್ತಿದ್ದವರಿಗೆ ಇದು ಸಲೀಸು, ತುಳು ಪದಗಳ ಕೊನೆಯಲ್ಲಿ ಬರುವ ಆ ಅರ್ಧ ಉಕಾರವೇ ಇದು. ರೊ ಅನ್ನುವುದು ನಮ್ಮ ರ ಮತ್ತು ರೊ ನಡುವೆ ಎಲ್ಲೋ ಬರಬೇಕು, ಬಾಯಿ ಸ್ವಲ್ಪ ಜಾಸ್ತಿ ತೆರೆಯಿರಿ.

ಬರೀ ಪದ ಸಾಲದು, ಅದರ ಜೊತೆ ಹೋಗುವ ಕ್ರಿಯಾಪದವೂ ಬೇಕು. ಅದೇ ಆ 'ನಾಸ್ಸೊಯೊ'. 'ದುದುರೊಗಿ-ಗಾ ನಾಸ್ಸೊಯೊ' ಅಂದರೆ ಗಂಧೆ ಎದ್ದಿದೆ. ಜ್ವರ ಬಂತು, ಬೆವರು ಬಂತು, ಸಿಟ್ಟು ಬಂತು ಅಂತ ನಾವು ಮೂರಕ್ಕೂ 'ಬಂತು' ಅನ್ನುತ್ತೇವೆ ತಾನೇ? ಅವರೂ ಮೂರಕ್ಕೂ 'ನಾಸ್ಸೊಯೊ' ಅನ್ನುತ್ತಾರೆ. ಗಂಧೆ ಆ ಸಾಲಿನಲ್ಲಿ ನಾಲ್ಕನೆಯದು. ಕನ್ನಡದವರಿಗೆ ಕೊರಿಯನ್ ವಾಕ್ಯ ಕಟ್ಟುವುದು ಇಷ್ಟು ಸುಲಭ ಅಂತ ನನಗೆ ಯಾರೂ ಹೇಳಿರಲಿಲ್ಲ. ಮಾತಿನ ಕ್ರಮ ನಮ್ಮದೇ, ಕ್ರಿಯಾಪದ ಕೊನೆಗೇ. 'ಪೆ ಜುಸೆಯೊ' ಅಂದರೆ 'ತೆಗೆದು ಕೊಡಿ', ಪದಕ್ಕೆ ಪದ ಹಾಗೇ. 'ಆನ್ ದ್ವೆಯೊ' ಅಂದರೆ ನಮ್ಮ 'ಆಗಲ್ಲ'.

ಅಲ್ಲಿಂದ ಮುಂದೆ ನಾನು ಎಲ್ಲ ಹೋಟೆಲಿನಲ್ಲೂ ಬಳಸಿದ ವಾಕ್ಯ ಇದು: 'ಸೆಉ ಮೊಗುಮ್ಯೊನ್ ದುದುರೊಗಿ-ಗಾ ನಾಯೊ'. ಸಿಗಡಿ ತಿಂದರೆ ಗಂಧೆ ಏಳುತ್ತೆ. ಅದರ ಬೆನ್ನಿಗೇ 'ಸೆಉಜೊತ್-ದೊ ಆನ್ ದ್ವೆಯೊ', ಸೆಉಜೊತ್ ಕೂಡ ಆಗಲ್ಲ. 'ಸಿಗಡಿ ಬೇಡ' ಅಂದಾಗ ಇವಳಿಗೆ ರುಚಿ ಇಷ್ಟವಿಲ್ಲ ಅಂದುಕೊಳ್ಳುತ್ತಿದ್ದವರು, 'ದುದುರೊಗಿ' ಅಂದ ಕೂಡಲೇ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು. ಬೇಡ ಅನ್ನುವುದಕ್ಕಿಂತ ತಿಂದರೆ ಏನಾಗುತ್ತೆ ಅಂತ ಹೇಳುವುದು ಮೇಲು.

ಒಂದು ಎಚ್ಚರಿಕೆ. ಕೊರಿಯದವರು ಈ ಪದವನ್ನು ತಮಾಷೆಗೂ ಬಳಸುತ್ತಾರೆ. ಲೆಕ್ಕ ಅಂದರೆ ದುದುರೊಗಿ ಏಳುತ್ತೆ, ಅಂದರೆ ಲೆಕ್ಕ ಕಂಡರಾಗದು ಅಂತ. ಹಾಗಾಗಿ ನಗುನಗುತ್ತಾ ಹೇಳಬೇಡಿ. ಸಂಶಯ ಬಂದರೆ 'ಅಲ್ಲೆರುಗಿ' ಅಂತಲೂ ಸೇರಿಸಿ, ಅಲರ್ಜಿಗೆ ಅವರ ಪದ. ನಮ್ಮ ಹಾಗೆ 'ಅಲ್ಲೊಜಿ' ಅಂದರೂ ಅರ್ಥವಾಗುತ್ತದೆ.

ಔಷಧಿ ಅಂಗಡಿಗೆ ಮರಳುತ್ತೇನೆ. ಅವರು ಎರಡು ಪ್ರಶ್ನೆ ಕೇಳಿದರು, ನಿಮಗೂ ಅವೇ ಬರುತ್ತವೆ. 'ಒಂಜೆ-ಬುತೊ?' ಯಾವಾಗಿನಿಂದ? 'ಮ್ವೊ ದುಶ್ಯೊಸ್ಸೊಯೊ?' ಏನು ತಿಂದಿರಿ? ಮೊದಲನೆಯದಕ್ಕೆ 'ಒಜೆ ಜೊನ್ಯೊಕ್-ಬುತೊ', ನಿನ್ನೆ ಸಂಜೆಯಿಂದ. ತುರಿಕೆಗೆ 'ಗಾರ್ಯೊವೊಯೊ'. ಅವರು ಕೊಟ್ಟಿದ್ದು ಸೆಟಿರಿಜಿನ್, ನಮ್ಮಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಅದೇ ಮಾತ್ರೆ. ಚೀಟಿ ಬೇಕಾಗಲಿಲ್ಲ. ಸುಮಾರು 5,000 ವೋನ್, ಅಂದರೆ 300 ರೂಪಾಯಿ ಚಿಲ್ಲರೆ. 'ಹಾರು ಹಾನ್ ಬೊನ್', ದಿನಕ್ಕೆ ಒಂದು ಸಲ. ಆಮೇಲೆ ಕೆನ್ನೆಯ ಕೆಳಗೆ ಕೈಯಿಟ್ಟು ನಿದ್ದೆಯ ಅಭಿನಯ ಮಾಡಿ 'ಜೊಲ್ಯೊಯೊ' ಅಂದರು. ನಿದ್ದೆ ಬರುತ್ತೆ ಅಂತ. ಬಂತು. ಹೇಉಂಡೆ ಸಮುದ್ರ ತೀರ ನೋಡಬೇಕಾಗಿದ್ದ ಮಧ್ಯಾಹ್ನ ಪೂರ್ತಿ ಮಲಗಿದ್ದೆ.

ಊರಿಂದಲೇ ಮಾತ್ರೆ ಒಯ್ಯುವುದಾದರೆ ನಿಮ್ಮ ಡಾಕ್ಟರನ್ನು ಕೇಳಿ, ಚೀಟಿ ಸಮೇತ ಒಯ್ಯಿರಿ. ಸ್ಟ್ರಿಪ್ ಸೂಟ್‌ಕೇಸಿನಲ್ಲಿ ಬೇಡ, ಹೆಗಲ ಚೀಲದಲ್ಲಿರಲಿ. ಮಾತ್ರೆಯ ಮೂಲ ಹೆಸರು ಇಂಗ್ಲಿಷಿನಲ್ಲಿ ಇರುವ ಸ್ಟ್ರಿಪ್ ತೋರಿಸಿದರೆ ಅಲ್ಲಿನ ಔಷಧಿಯವರಿಗೂ ಗೊತ್ತಾಗುತ್ತದೆ. ಗಂಧೆ ಎದ್ದ ಕೂಡಲೇ ಫೋಟೊ ತೆಗೆದಿಡಿ. ಒಂದೊಂದು ಗಂಧೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿದುಹೋಗುತ್ತದೆ, 'ಪಿಬುಕ್ವಾ'ಗೆ, ಅಂದರೆ ಚರ್ಮದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ.

ತುಟಿ ಊದಿಕೊಂಡರೆ, ಗಂಟಲು ಬಿಗಿದರೆ, ಉಸಿರು ಸಿಕ್ಕಿಕೊಂಡರೆ, ತಲೆ ಸುತ್ತಿದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. 119ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ ದುಡ್ಡಿಲ್ಲ, ದುಭಾಷಿಯನ್ನು ಲೈನಿಗೆ ಸೇರಿಸಿಕೊಡುವ ಏರ್ಪಾಡೂ ಇದೆ. 'ಸುಮುಲ್ ಮೊತ್ ಶ್ವಿಗೆಸ್ಸೊಯೊ', ಉಸಿರಾಡಲು ಆಗುತ್ತಿಲ್ಲ. ಇದೊಂದನ್ನು ಜೊತೆಗೆ ಬರುವವರಿಗೂ ಕಲಿಸಿ. ಆ ಹೊತ್ತಿನಲ್ಲಿ ಹೇಳಬೇಕಾದವರು ಅವರೇ.

ಇನ್ನು ಈ ಸೆಉಜೊತ್ ಎಲ್ಲೆಲ್ಲಿ ಅಡಗಿರುತ್ತದೆ ಅಂದರೆ, ಮೊದಲು ಕಿಮ್ಚಿಯಲ್ಲಿ. ಎಲೆಕೋಸಿನ ಉಪ್ಪಿನಕಾಯಿ, ಸಸ್ಯಾಹಾರ ಅಂತ ನಮ್ಮ ಎಷ್ಟೋ ಜನ ಧೈರ್ಯವಾಗಿ ತಿನ್ನುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಸೆಉಜೊತ್ ಅಥವಾ ಮೀನಿನ ಸಾರ ಬೀಳುತ್ತದೆ. ಮೊಟ್ಟೆಯ ಕಥೆ ಹೇಳಿಯಾಯಿತು. ಎಳೆ ಕುಂಬಳದಂಥ ಹಸಿರು ಕಾಯಿಯ ಪಲ್ಯಕ್ಕೂ ಹಾಕುತ್ತಾರೆ. ಬೇಯಿಸಿದ ಹಂದಿ ಮಾಂಸದ ಪಕ್ಕ ಸಣ್ಣ ಬಟ್ಟಲಲ್ಲಿ ಅದೇ ಬರುತ್ತದೆ. ಬೂದು ಬಣ್ಣದ, ನೀರು ನೀರಾದ ಮುದ್ದೆ. ಹತ್ತಿರದಿಂದ ನೋಡಿದರೆ ಎಲ್ಲದಕ್ಕೂ ಸೂಜಿಮೊನೆಯಷ್ಟು ಕಪ್ಪು ಕಣ್ಣು. ಮುಂಚೆಯೇ ಕೇಳಿ: 'ಸೆಉಜೊತ್ ದುರೊಗಾಯೊ?' ಸೆಉಜೊತ್ ಬೀಳುತ್ತಾ?

ಪ್ಯಾಕೆಟ್ ತಿಂಡಿ ಎಷ್ಟೋ ನಿರಾಳ. ಹಿಂಬದಿಯಲ್ಲಿ ಅಲರ್ಜಿ ಪದಾರ್ಥಗಳನ್ನು ಬೇರೆಯೇ ಚೌಕದಲ್ಲಿ ಅಚ್ಚು ಹಾಕಬೇಕು ಅಂತ ಕಾನೂನಿದೆ. ಸಿಗಡಿ, ಏಡಿ, ಮೊಟ್ಟೆ, ಹಾಲು, ಕಡಲೆಕಾಯಿ ಇವೆಲ್ಲ ಪಟ್ಟಿಯಲ್ಲಿವೆ, ಪೀಚ್ ಹಣ್ಣು ಕೂಡ. ಕೊನೆಗೆ 'ಹಾಮ್ಯು' ಅಂತಿದ್ದರೆ 'ಇದೆ' ಅಂತ ಅರ್ಥ. ಪಪಾಗೊ ಅನ್ನುವ ಅನುವಾದದ ಆ್ಯಪ್‌ನ ಕ್ಯಾಮೆರಾ ಹಿಡಿದರೆ ಓದಿ ಹೇಳುತ್ತದೆ.

ಪೂರ್ತಿ ಸಸ್ಯಾಹಾರಿಗಳು ಬೌದ್ಧ ದೇವಸ್ಥಾನದ ಊಟ ಹುಡುಕಿ. ಮೀನು, ಮಾಂಸ ಇಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ, ಕಿಮ್ಚಿಗೂ ಸೆಉಜೊತ್ ಹಾಕುವುದಿಲ್ಲ. ದೇವಸ್ಥಾನದಲ್ಲೇ ತಂಗುವ ಏರ್ಪಾಡು 2002ರಿಂದ ಇದೆ. ನಾವು ಒಂದು ರಾತ್ರಿ ಉಳಿದಿದ್ದೆವು, ಮಠದ ಊಟ ಉಂಡ ಹಾಗೇ ಅನಿಸಿತು.

ಬೂಸಾನ್ ಬಿಡುವ ದಿನ ಅಕ್ಕನಿಗೆ ಅಲ್ಲಿನ ಗುಕ್ಬಾಪ್ ತಿನ್ನಲೇಬೇಕಿತ್ತು, ಹಂದಿ ಮಾಂಸದ ಸಾರಿನಲ್ಲಿ ಅನ್ನ. ಹೋಟೆಲಿನ ಹೆಂಗಸರನ್ನು ಅಲ್ಲಿ 'ಇಮೊ' ಅಂತ ಕರೆಯುತ್ತಾರೆ, ಚಿಕ್ಕಮ್ಮ ಅಂದ ಹಾಗೆ. 'ಇಮೊ, ಸೆಉ ಮೊಗುಮ್ಯೊನ್ ದುದುರೊಗಿ-ಗಾ ನಾಯೊ' ಅಂದೆ, ಈ ಸಲ ಒಂದಕ್ಷರ ತಪ್ಪದೆ. ಆಕೆ ಕಣ್ಣರಳಿಸಿ ತನ್ನ ತೋಳು ತುರಿಸಿ ತೋರಿಸಿ, 'ನಾನುನ್ ಬೊಕ್ಸುಂಗಾ' ಅಂದರು. ನನಗೆ ಪೀಚ್ ಹಣ್ಣು! ಆಮೇಲೆ ಮೇಜಿನ ಮೇಲಿದ್ದ ಸೆಉಜೊತ್ ಬಟ್ಟಲು, ಕಿಮ್ಚಿ ಎರಡನ್ನೂ ಎತ್ತಿಕೊಂಡು ಹೋಗಿ, ಒಂದು ಪುಟ್ಟ ತಟ್ಟೆಯಲ್ಲಿ ಬಿಳೀ ಉಪ್ಪು ತಂದು ನನ್ನ ಮುಂದಿಟ್ಟರು.