ವಿಜ್ಞಾನ ಇರುವಾಗ ತತ್ವಶಾಸ್ತ್ರ ಯಾಕೆ ಬೇಕು?

ನಾನು ಖಗೋಳದ ಬಗ್ಗೆ ಬರೆಯುತ್ತೇನೆ, ಶಾಲೆ ಕಾಲೇಜುಗಳಿಗೆ ಹೋಗಿ ಮಾತಾಡುತ್ತೇನೆ. ಮಾತು ಮುಗಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆ ಇದು: "ಸರ್, ಜಗತ್ತು ಹೇಗಿದೆ ಅಂತ ವಿಜ್ಞಾನವೇ ಹೇಳುತ್ತೆ. ಹಾಗಿದ್ದ ಮೇಲೆ ತತ್ವಶಾಸ್ತ್ರ ಯಾಕೆ? ಅದು ಬರೀ ಮಾತಲ್ವಾ?" ಕೇಳುವವರು ಹೆಚ್ಚಾಗಿ ವಿಜ್ಞಾನ ಓದುತ್ತಿರುವ ಮಕ್ಕಳು. ಉಡಾಫೆಯಿಂದ ಕೇಳುವುದಿಲ್ಲ, ತಿಳಿಯಬೇಕು ಅಂತಲೇ ಕೇಳುತ್ತಾರೆ. ಹಾಗಾಗಿ ಉತ್ತರವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಭೂಮಿ ತಿರುಗುತ್ತದೆ ಅನ್ನುವುದನ್ನು ಮನುಷ್ಯರು ಹೇಗೆ ಒಪ್ಪಿಕೊಂಡರು ಅಂತ ನೋಡಿ. ಶಾಲೆಯಲ್ಲಿ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತೇವೆ. ಹಿಂದಿನವರಿಗೆ ಗೊತ್ತಿರಲಿಲ್ಲ, ಕೋಪರ್ನಿಕಸ್ ಬಂದು ಹೇಳಿದ, ಚರ್ಚು ವಿರೋಧಿಸಿತು. ಇದನ್ನು ಕೇಳಿದ ಮಕ್ಕಳ ತಲೆಯಲ್ಲಿ ಹಿಂದಿನವರೆಲ್ಲ ದಡ್ಡರು ಅನ್ನುವುದು ಕೂತುಬಿಡುತ್ತದೆ. ಅವರು ಖಂಡಿತ ದಡ್ಡರಲ್ಲ. ಭೂಮಿ ನಿಂತಿದೆ ಅನ್ನಲು ಅವರ ಹತ್ತಿರ ಗಟ್ಟಿ ಕಾರಣಗಳಿದ್ದವು.

ನಮ್ಮಲ್ಲೇ ನೋಡಿ. ಆರ್ಯಭಟ 499ರಲ್ಲೇ ಭೂಮಿ ತನ್ನ ಸುತ್ತ ತಿರುಗುತ್ತದೆ ಅಂದಿದ್ದ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದಲ್ಲಿರುವುದೆಲ್ಲ ಹಿಂದಕ್ಕೆ ಹೋದಂತೆ ಕಾಣುತ್ತದೆ, ನಕ್ಷತ್ರಗಳು ಪಶ್ಚಿಮಕ್ಕೆ ಸಾಗಿದಂತೆ ಕಾಣುವುದೂ ಹಾಗೇ ಅನ್ನುವುದು ಅವನ ವಿವರಣೆ. ಮುಂದಿನ ಶತಮಾನದಲ್ಲಿ ವರಾಹಮಿಹಿರ ಇದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದೇ ಆದರೆ, ಗೂಡು ಬಿಟ್ಟು ಆಕಾಶಕ್ಕೇರಿದ ಹಕ್ಕಿ ಮತ್ತೆ ಗೂಡಿಗೆ ಬರುವುದು ಹೇಗೆ ಅಂತ ಕೇಳಿದ. ಬ್ರಹ್ಮಗುಪ್ತನೂ 628ರಲ್ಲಿ ಆರ್ಯಭಟನನ್ನು ವಿರೋಧಿಸಿದ. ಆಮೇಲಿನ ಹಲವು ವ್ಯಾಖ್ಯಾನಕಾರರು ಆರ್ಯಭಟನ ಮಾತಿಗೇ ಬೇರೆ ಅರ್ಥ ಹೇಳಿ ಭೂಮಿಯನ್ನು ನಿಲ್ಲಿಸಿಬಿಟ್ಟರು.

ವರಾಹಮಿಹಿರನ ಹಕ್ಕಿಯನ್ನು ಸುಮ್ನೆ ತಳ್ಳಿಹಾಕಬೇಡಿ. ಭೂಮಿಯ ತಿರುಗಾಟದಿಂದ ಬೆಂಗಳೂರಿನ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ಪೂರ್ವಕ್ಕೆ ಓಡುತ್ತಿದೆ. ಹಕ್ಕಿ ಎರಡು ಸೆಕೆಂಡು ಗಾಳಿಯಲ್ಲಿದ್ದರೆ ಅದರ ಮರ ಮುಕ್ಕಾಲು ಕಿಲೋಮೀಟರಿಗಿಂತ ದೂರ ಹೋಗಿರಬೇಕಿತ್ತು. ಹೋಗುವುದಿಲ್ಲ. ಯಾಕೆ? ಇದಕ್ಕೆ ಉತ್ತರ ಗೊತ್ತಿಲ್ಲದವನಿಗೆ ಭೂಮಿ ನಿಂತಿದೆ ಅನ್ನುವುದೇ ಸರಿಯಾದ ತೀರ್ಮಾನ. ಕಣ್ಣಿಗೆ ಕಾಣುವುದೂ ಅದೇ.

ಯುರೋಪಿನಲ್ಲಿ ಟೈಕೋ ಬ್ರಾಹೆ ಇನ್ನೂ ಕಠಿಣವಾದ ಪ್ರಶ್ನೆ ಎತ್ತಿದ. ದೂರದರ್ಶಕ ಬರುವ ಮೊದಲು ಆಕಾಶವನ್ನು ಅವನಷ್ಟು ಚೆನ್ನಾಗಿ ಅಳೆದವರಿಲ್ಲ. ಭೂಮಿ ಸೂರ್ಯನನ್ನು ಸುತ್ತುವುದಾದರೆ ಆರು ತಿಂಗಳಿಗೆ ನಾವು ಸೂರ್ಯನ ಆ ಕಡೆಗೆ ಹೋಗಿರುತ್ತೇವೆ. ಆಗ ಹತ್ತಿರದ ನಕ್ಷತ್ರಗಳು ಜಾಗ ಬದಲಿಸಿದಂತೆ ಕಾಣಬೇಕು. ಟೈಕೋ ನೋಡಿದ, ಅಂಥದ್ದೇನೂ ಕಾಣಲಿಲ್ಲ. ಹಾಗಾದರೆ ಒಂದೋ ಭೂಮಿ ನಿಂತಿದೆ, ಇಲ್ಲವೇ ನಕ್ಷತ್ರಗಳು ಊಹೆಗೂ ನಿಲುಕದಷ್ಟು ದೂರ ಇವೆ. ಅವನು ಮೊದಲನೆಯದನ್ನು ನಂಬಿದ. ನಿಜವಾಗಿದ್ದದ್ದು ಎರಡನೆಯದು. ಆ ಕದಲಿಕೆಯನ್ನು ಅಳೆದದ್ದು 1838ರಲ್ಲಿ, ಜರ್ಮನಿಯ ಬೆಸೆಲ್. ರಾಜಹಂಸ ನಕ್ಷತ್ರಪುಂಜದ ಒಂದು ಮಂಕು ನಕ್ಷತ್ರಕ್ಕೆ ಅವನಿಗೆ ಸಿಕ್ಕಿದ ಕೋನ ಒಂದು ಡಿಗ್ರಿಯ 3600ನೇ ಒಂದು ಭಾಗದ ಮೂರರಲ್ಲೊಂದು ಪಾಲಿನಷ್ಟು. ಅಷ್ಟು ಸಣ್ಣದು ಟೈಕೋನ ಉಪಕರಣಗಳಿಗೆ ಸಿಗುವ ಮಾತೇ ಇರಲಿಲ್ಲ.

ಕೋಪರ್ನಿಕಸ್‌ನ ಪುಸ್ತಕ ಬಂದದ್ದು 1543ರಲ್ಲಿ. ಬೆಸೆಲ್‌ಗೂ ಅದಕ್ಕೂ ನಡುವೆ 295 ವರ್ಷ. ಆದರೆ ಅಷ್ಟರಲ್ಲಿ ಖಗೋಳ ಬಲ್ಲವರು ಭೂಮಿ ಚಲಿಸುತ್ತದೆ ಅಂತ ಒಪ್ಪಿ ತುಂಬಾ ಕಾಲವಾಗಿತ್ತು. ಈ ಅಳತೆ ಕೈಗೆ ಬರುವ ಮೊದಲೇ ಅವರು ಒಪ್ಪಿದ್ದು ಹೇಗೆ?

ಇಲ್ಲಿ ಗೆಲಿಲಿಯೊ ಬರುತ್ತಾನೆ. ಅವನ ದೂರದರ್ಶಕ ಎಲ್ಲರಿಗೂ ಗೊತ್ತು. ಗುರುಗ್ರಹದ ಚಂದ್ರಗಳು, ಚಂದ್ರನ ಹಾಗೆ ಹೆಚ್ಚುತ್ತಾ ಕುಗ್ಗುತ್ತಾ ಹೋಗುವ ಶುಕ್ರನ ಆಕಾರಗಳು ಅದರಿಂದಲೇ ಕಂಡವು, ನಿಜ. ಆದರೆ ವರಾಹಮಿಹಿರನ ಹಕ್ಕಿಗೆ ದೂರದರ್ಶಕದಲ್ಲಿ ಉತ್ತರವಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಕೂತು ಯೋಚಿಸಿದ್ದರಿಂದ, ತತ್ವಶಾಸ್ತ್ರದ ಕೆಲಸವೂ ಅದೇ. ಅಲ್ಲಿಯವರೆಗೆ ನಡೆದುಕೊಂಡು ಬಂದದ್ದು ಅರಿಸ್ಟಾಟಲ್‌ನ ಮಾತು: ಒಂದು ವಸ್ತು ಚಲಿಸುತ್ತಲೇ ಇರಬೇಕಾದರೆ ಯಾವುದೋ ಒಂದು ಅದನ್ನು ತಳ್ಳುತ್ತಲೇ ಇರಬೇಕು. ಕೈಬಿಟ್ಟ ಕಲ್ಲನ್ನು ಯಾರೂ ತಳ್ಳುತ್ತಿಲ್ಲ, ಹಾಗಾಗಿ ಅದು ನೆಟ್ಟಗೆ ಕೆಳಗೆ ಬರುತ್ತದೆ, ಕೆಳಗಿನ ನೆಲ ಓಡುತ್ತಿದ್ದರೆ ಕಲ್ಲು ಹಿಂದೆ ಬೀಳಬೇಕು.

1632ರ ತನ್ನ ಪುಸ್ತಕದಲ್ಲಿ ಗೆಲಿಲಿಯೊ ಓದುಗರನ್ನು ಹಡಗಿನ ಒಳಕೋಣೆಗೆ ಕರೆದೊಯ್ಯುತ್ತಾನೆ. ಕಿಟಕಿ ಇಲ್ಲ. ಒಳಗೆ ಕೆಲವು ಚಿಟ್ಟೆ, ನೊಣಗಳಿವೆ. ನೀರು ತುಂಬಿದ ಬಟ್ಟಲಲ್ಲಿ ಮೀನುಗಳಿವೆ. ಮೇಲೆ ತೂಗುಹಾಕಿದ ಪಾತ್ರೆಯಿಂದ ಕೆಳಗಿನ ಸಣ್ಣ ಬಾಯಿಯ ಪಾತ್ರೆಗೆ ನೀರು ತೊಟ್ಟಿಕ್ಕುತ್ತಿದೆ. ಹಡಗು ನಿಂತಿರುವಾಗ ಎಲ್ಲವನ್ನೂ ನೋಡಿ. ಆಮೇಲೆ ಹಡಗು ಎಷ್ಟೇ ವೇಗವಾಗಿ, ಆದರೆ ಅಲುಗಾಡದೆ ಒಂದೇ ಸಮ ಸಾಗಲಿ. ಹನಿ ಅದೇ ಬಾಯಿಗೇ ಬೀಳುತ್ತದೆ. ಚಿಟ್ಟೆ ಹಿಂದಿನ ಗೋಡೆಗೆ ಹೋಗಿ ಅಂಟಿಕೊಳ್ಳುವುದಿಲ್ಲ. ಮೀನು ಯಾವ ದಿಕ್ಕಿಗಾದರೂ ಅಷ್ಟೇ ಸಲೀಸಾಗಿ ಈಜುತ್ತದೆ. ಹಡಗು ಹೋಗುತ್ತಿದೆಯೋ ನಿಂತಿದೆಯೋ ಒಳಗಿದ್ದವರಿಗೆ ಹೇಳಲು ಆಗುವುದೇ ಇಲ್ಲ. ಎಲ್ಲಕ್ಕೂ ಸಮಾನವಾಗಿರುವ ಓಟ ಒಳಗಿನವರಿಗೆ ಗೊತ್ತಾಗುವುದಿಲ್ಲ. ಹಕ್ಕಿ, ಮರ, ಗಾಳಿ, ನಾವು, ಎಲ್ಲರೂ ಆ ಓಟದಲ್ಲಿ ಪಾಲುದಾರರು. ಸಾವಿರ ವರ್ಷ ಹಳೆಯ ಪ್ರಶ್ನೆಗೆ ಇದು ಉತ್ತರ. ಇದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಮಾತಿನಲ್ಲಿ ಗೆದ್ದರೆ ಸಾಕಾ? ಸಾಲದು. 1640ರಲ್ಲಿ ಫ್ರಾನ್ಸಿನ ಗಸ್ಸೆಂದಿ ಮಾರ್ಸೆಯಲ್ಲಿ ಓಡುತ್ತಿರುವ ಹಡಗಿನ ಪಟಗಂಬದ ಮೇಲಿಂದ ಕಲ್ಲು ಬೀಳಿಸಿ ನೋಡಿದ. ಕಲ್ಲು ಕಂಬದ ಬುಡದಲ್ಲೇ ಬಿತ್ತು. ಈ ಗಸ್ಸೆಂದಿ ತತ್ವಶಾಸ್ತ್ರದವನೋ ವಿಜ್ಞಾನಿಯೋ? ಎರಡೂ ಹೌದು. ಆ ಕಾಲದಲ್ಲಿ ಅವರ್‍ಯಾರೂ ಈ ಎರಡನ್ನು ಬೇರೆ ಮಾಡಿ ನೋಡಿದವರಲ್ಲ.

ತತ್ವಶಾಸ್ತ್ರ ಯಾವಾಗಲೂ ದಾರಿ ತೋರಿಸಿತು ಅಂತ ನಾನು ಹೇಳುತ್ತಿಲ್ಲ. ದಾರಿಗೆ ಅಡ್ಡ ನಿಂತದ್ದೂ ಇದೆ. ಆಕಾಶದಲ್ಲಿರುವುದೆಲ್ಲ ಪರಿಪೂರ್ಣ, ಹಾಗಾಗಿ ಅಲ್ಲಿನ ದಾರಿ ವೃತ್ತವೇ ಆಗಿರಬೇಕು ಅನ್ನುವ ಗ್ರೀಕರ ನಂಬಿಕೆ ಎರಡು ಸಾವಿರ ವರ್ಷ ಕೂತಿತ್ತು. ಕೋಪರ್ನಿಕಸ್ ಕೂಡ ಅದನ್ನು ಬಿಡಲಿಲ್ಲ. ಬಿಡಿಸಿದ್ದು ಕೆಪ್ಲರ್. ಮಂಗಳಗ್ರಹಕ್ಕೆ ವೃತ್ತ ಹೊಂದಿಸಿ ಲೆಕ್ಕ ಹಾಕಿದರೆ ಟೈಕೋನ ಅಳತೆಗೂ ಅದಕ್ಕೂ ಒಂದು ಡಿಗ್ರಿಯ 60ರಲ್ಲಿ 8 ಭಾಗದಷ್ಟು ವ್ಯತ್ಯಾಸ ಬರುತ್ತಿತ್ತು, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ. ಇಷ್ಟೇ ತಾನೆ ಅಂತ ಬಿಟ್ಟುಬಿಡಬಹುದಿತ್ತು. ಬಿಡದೆ ವೃತ್ತವನ್ನೇ ಕೈಬಿಟ್ಟ. 1609ರಲ್ಲಿ ದೀರ್ಘವೃತ್ತ ಬಂತು. ಇಲ್ಲಿ ಅಳತೆ ಗೆದ್ದಿತು, ಗೆಲ್ಲಲೇಬೇಕಿತ್ತು.

ಭೂಮಿ ತನ್ನ ಸುತ್ತ ತಿರುಗುವುದನ್ನು ಕೋಣೆಯೊಳಗೇ ತೋರಿಸಿದ್ದು ಫೂಕೋ, 1851ರಲ್ಲಿ. ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ತೂಗಿಬಿಟ್ಟ. ತೂಗುವ ದಿಕ್ಕು ನಿಧಾನವಾಗಿ ತಿರುಗುತ್ತಾ ಸುಮಾರು 32 ಗಂಟೆಗೆ ಒಂದು ಸುತ್ತು ಬರುತ್ತದೆ. ಬೆಂಗಳೂರಿನಲ್ಲಿ ಅಂಥ ಲೋಲಕ ಕಟ್ಟಿದರೆ ಅದೇ ಸುತ್ತಿಗೆ 106 ಗಂಟೆ ಬೇಕು, ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಈ ಪರಿಣಾಮ ಕಡಿಮೆ.

"ಅದೆಲ್ಲ ಹಳೇ ಕಥೆ ಸರ್, ಈಗ?" ಅಂತ ಕೆಲವರು ಮುಂದುವರಿಸುತ್ತಾರೆ. ಈಗಲೂ ಹಾಗೇ ನಡೆದಿದೆ. ಅಳೆಯುವುದಕ್ಕೆ ಮೊದಲೇ ಒಂದು ಕಣಕ್ಕೆ ಖಚಿತವಾದ ಗುಣ ಇರುತ್ತದೆಯೇ ಅಂತ ಐನ್‌ಸ್ಟೈನ್ ಮತ್ತು ಬೋರ್ ವರ್ಷಗಟ್ಟಲೆ ವಾದ ಮಾಡಿದರು. ಇದು ಬರೀ ತತ್ವಶಾಸ್ತ್ರ, ಇದರಿಂದ ಏನೂ ಆಗದು ಅಂತ ಎಷ್ಟೋ ಭೌತವಿಜ್ಞಾನಿಗಳು ಅದನ್ನು ಪಕ್ಕಕ್ಕಿಟ್ಟರು. ಜಾನ್ ಬೆಲ್ ಇಡಲಿಲ್ಲ. ಆ ಪ್ರಶ್ನೆಯನ್ನು ಪ್ರಯೋಗದಿಂದ ಪರೀಕ್ಷಿಸಬಹುದು ಅಂತ 1964ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1972ರಲ್ಲಿ ಕ್ಲೌಸರ್ ಮತ್ತು ಫ್ರೀಡ್‌ಮನ್ ಪ್ರಯೋಗ ಮಾಡಿದರು, ಆಮೇಲೆ ಆಸ್ಪೆ, ಝೈಲಿಂಗರ್ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೂ 2022ರ ನೊಬೆಲ್ ಬಂತು. ಪ್ರಯೋಗದ ಫಲಿತಾಂಶದ ಬಗ್ಗೆ ಜಗಳವಿಲ್ಲ. ಅದು ಜಗತ್ತಿನ ಬಗ್ಗೆ ಏನು ಹೇಳುತ್ತಿದೆ ಅನ್ನುವುದರಲ್ಲಿ ಮಾತ್ರ ಇವತ್ತಿಗೂ ಒಮ್ಮತವಿಲ್ಲ.